ಶುಕ್ರವಾರ ಬಿಚ್ಚದ ಮೆಟ್ಟಿಲು

ಆಗಿನ ನಮ್ಮ ಶನಿವಾರಗಳಿಗೆಲ್ಲ ವಿನೆಗರ್ ಕಲಸಿದ ಬಿಸಿ ಅನ್ನದ ವಾಸನೆ. ಅಮೆರಿಕದ ರೌಂಡ್ ರಾಕ್ ಊರಿನ ಬಾಡಿಗೆ ಹಾಲ್ ಒಂದರಲ್ಲಿ ಜಪಾನ್–ಅಮೆರಿಕ ಸ್ನೇಹದ ಸಂಘವೊಂದು ಸೇರುತ್ತಿತ್ತು. ಒಂದು ಮೂಲೆಯಲ್ಲಿ ಕಾಗದ ಮಡಚಿ ಕೊಕ್ಕರೆ ಮಾಡುವವರು, ಇನ್ನೊಂದು ಮೂಲೆಯಲ್ಲಿ ಕುಂಚ ಹಿಡಿದು ಅಕ್ಷರ ಬರೆಯುವವರು, ನಡುವೆ ದಾರಕ್ಕೆ ಕಟ್ಟಿದ ಮರದ ಚೆಂಡನ್ನು ಚಿಮ್ಮಿಸಿ ಪುಟ್ಟ ಬಟ್ಟಲಿನಲ್ಲಿ ಹಿಡಿಯುವ ಮಕ್ಕಳು. ಇಂಥ ದಿನಗಳನ್ನು ನೆನೆದು ಬರೆಯುವವರೆಲ್ಲ ಕೊನೆಗೊಂದು ನಿಟ್ಟುಸಿರು ಬಿಟ್ಟು ಎಲ್ಲರನ್ನೂ ಕ್ಷಮಿಸಿಬಿಡುತ್ತಾರೆ. ನನಗೆ ಆ ಉದ್ದೇಶವಿಲ್ಲ.

ನಾವು ಜಪಾನಿನವರೂ ಅಲ್ಲ, ಅಮೆರಿಕದವರೂ ಅಲ್ಲ. ಮೈಸೂರಿನಿಂದ ಬಂದು ಹೆಚ್ಚು ದಿನವಾಗಿರಲಿಲ್ಲ. ನಮ್ಮನ್ನು ಅಲ್ಲಿಗೆ ಎಳೆದವಳು ಜಪಾನಿನ ಹುಡುಗಿ ಹನಾ. ಇಂಗ್ಲಿಷ್ ಸಾಲದೆಂದು ಶಾಲೆಯವರು ನಮ್ಮಿಬ್ಬರನ್ನೂ ಒಂದೇ ವಿಶೇಷ ತರಗತಿಗೆ ಹಾಕಿದ್ದರು. ಆ ಅವಮಾನದಲ್ಲೇ ಸ್ನೇಹವಾಯಿತು. ಹನಾ ನಮ್ಮ ಮನೆಗೆ ಬಂದು ಅಮ್ಮನಿಂದ ಚೌಕಾಬಾರ ಕಲಿತಳು. ಕವಡೆ ಬೀಸುವಾಗ ಅವಳು ಕಣ್ಣು ಮುಚ್ಚಿಕೊಳ್ಳುತ್ತಿದ್ದಳು. ಅವಳ ಅಮ್ಮ ನಮ್ಮಮ್ಮನನ್ನು ಸಂಘಕ್ಕೆ ಕರೆದರು. ಇಬ್ಬರೂ ಅರೆಬರೆ ಇಂಗ್ಲಿಷಿನಲ್ಲಿ ಅಡುಗೆಯ ವಿಷಯ ಮಾತಾಡುತ್ತಿದ್ದರು, ಉಳಿದದ್ದಕ್ಕೆ ಕೈಸನ್ನೆ.

ಅಲ್ಲಿ ನಮ್ಮನ್ನು ಕಂಡರೆ ಆಗದಿದ್ದವರು ಒಬ್ಬರೇ, ಬೆಂಗಳೂರಿನ ವಿಮಲಾ ಆಂಟಿ. ಗಂಡನ ಕೆಲಸದ ಮೇಲೆ ಕೆಲವು ವರ್ಷ ಒಸಾಕಾದಲ್ಲಿದ್ದು ಬಂದಿದ್ದರು, ಜಪಾನಿ ಭಾಷೆ ಬರುತ್ತಿತ್ತು, ಸಂಘದ ಕಾರ್ಯಕ್ರಮಗಳೆಲ್ಲ ಅವರ ಕೈಯಲ್ಲಿದ್ದವು. ನಮ್ಮಮ್ಮ ಸೀರೆ ಉಟ್ಟು ಒಳಗೆ ಕಾಲಿಟ್ಟರೆ ಅವರ ಮುಖ ಸಣ್ಣಗಾಗುತ್ತಿತ್ತು. ಅಷ್ಟು ಕಷ್ಟಪಟ್ಟು ದೂರ ಬಂದ ಮೇಲೆ ಊರು ಹಿಂದೆಯೇ ಬಂದು ಬಾಗಿಲು ತಟ್ಟಿದ ಹಾಗೆ ಅನ್ನಿಸಿರಬೇಕು.

ಮಾರ್ಚ್ ಮೊದಲಿಗೆ ಜಪಾನಿನಲ್ಲಿ ಹೆಣ್ಣುಮಕ್ಕಳ ಗೊಂಬೆ ಹಬ್ಬ. ಕೆಂಪು ಬಟ್ಟೆ ಹೊದಿಸಿದ ಮೆಟ್ಟಿಲುಗಳ ಮೇಲೆ ಚಕ್ರವರ್ತಿ, ಚಕ್ರವರ್ತಿನಿ, ಸಖಿಯರು, ವಾದ್ಯದವರು. ಹನಾಳ ಅಜ್ಜಿ ಅವಳಿಗೆಂದು ಗೊಂಬೆಗಳನ್ನು ಕಳಿಸಿದ್ದರು. ಮೆಟ್ಟಿಲು ಮಾತ್ರ ದಾರಿಯಲ್ಲೇ ಮುರಿದು ಬಂದಿತ್ತು. ಹನಾಳ ಅಮ್ಮ ಅದರ ಚೂರುಗಳನ್ನು ತೋರಿಸಿದಾಗ ಅಮ್ಮ ನಕ್ಕುಬಿಟ್ಟಳು. ನಮ್ಮ ಗ್ಯಾರೇಜಿನಲ್ಲಿ ದಸರೆಗೆಂದು ಅಪ್ಪ ಹಲಗೆ ಕೊಯ್ದು ಸ್ಕ್ರೂ ಹಾಕಿ ಮಾಡಿದ ಮೆಟ್ಟಿಲಿತ್ತು.

"ನಮ್ಮದನ್ನ ತಗೊಂಡ್ಹೋಗಿ" ಎಂದಳು. ಹನಾಳ ಅಮ್ಮ ಸೊಂಟದವರೆಗೆ ಬಾಗಿ, ಹಾಗಾದರೆ ನಿಮ್ಮ ರಾಜ ರಾಣಿಯೂ ಪಕ್ಕದಲ್ಲಿ ಕೂರಬೇಕು ಎಂದರು.

ಆ ರಾಜ ರಾಣಿ ಅಮ್ಮನ ಪಟ್ಟದ ಗೊಂಬೆಗಳು. ಮದುವೆಯಲ್ಲಿ ತವರಿನಿಂದ ಬಂದವು, ಕೆಂಪು ಮರದವು. ವಿಮಾನದಲ್ಲಿ ಅವುಗಳನ್ನು ಅಮ್ಮ ತೊಡೆಯ ಮೇಲಿಟ್ಟುಕೊಂಡೇ ಬಂದಿದ್ದಳು. ಅಮ್ಮನ ತಾಯಿ ತೀರಿಕೊಂಡಾಗ ವೀಸಾದ ತೊಡಕಿನಿಂದ ನಾವು ಊರಿಗೆ ಹೋಗಲಾಗಲಿಲ್ಲ. ಆ ವರ್ಷ ಅವಳು ಗೊಂಬೆಗಳ ಮುಂದೆ ಕೂತು ಅತ್ತದ್ದನ್ನು ನಾನು ಬಾಗಿಲ ಸಂದಿಯಿಂದ ನೋಡಿದ್ದೆ.

ಹಬ್ಬ ಬಿದ್ದದ್ದು ಶುಕ್ರವಾರ. ಬೆಳಿಗ್ಗೆ ಅಪ್ಪ ಮೆಟ್ಟಿಲು ಜೋಡಿಸಿ, ಸಂಜೆ ಸ್ಕ್ರೂ ಬಿಚ್ಚಲೆಂದು ಡ್ರಿಲ್ಲನ್ನು ಅಮ್ಮನ ಕೈಗೆ ಕೊಟ್ಟು ಆಫೀಸಿಗೆ ಹೋದ. ನಾನೂ ಹನಾಳೂ ಶಾಲೆ ಮುಗಿಸಿ ಬಂದಾಗ ಹಾಲ್ ತುಂಬಿತ್ತು. ಹ್ಯೂಸ್ಟನ್‌ನಿಂದ ಅತಿಥಿಗಳು ಬರುವವರಿದ್ದರು. ಬಣ್ಣಬಣ್ಣದ ಸಿಹಿ ಕಡಲೆಪುರಿ ತಟ್ಟೆಗಳಲ್ಲಿತ್ತು. ರಾಜ ರಾಣಿ ಇರಬೇಕಿದ್ದ ಪಕ್ಕದ ಪೀಠದ ಮೇಲೆ ಹೂದಾನಿ ಇತ್ತು.

ವಿಮಲಾ ಆಂಟಿ ಅಂದು ನೀಲಿ ಕಿಮೋನೊ ಉಟ್ಟಿದ್ದರು. ಇಲ್ಲ, ಇದನ್ನು ನಂಬಬೇಡಿ. ಸಾಧಾರಣ ಪ್ಯಾಂಟು ಷರ್ಟೇ ಇದ್ದಿರಬಹುದು. ನನ್ನ ಸಿಟ್ಟಿಗೆ ಕಿಮೋನೊ ಬೇಕಾಗಿದೆ. ಆದರೆ ಅವರಾಡಿದ ಮಾತು ನನ್ನ ಸೃಷ್ಟಿಯಲ್ಲ.

"ಸುಧಾ, ನಿಮ್ಮ ಗೊಂಬೆ ನಾನು ಎತ್ತಿಟ್ಟೆ ಕಣ್ರೀ. ಬೇಜಾರ್ ಮಾಡ್ಕೋಬೇಡಿ. ಇದು ಜಪಾನ್–ಅಮೆರಿಕ ಪ್ರೋಗ್ರಾಂ. ಗೆಸ್ಟ್‌ಗಳು ಸುಮ್ನೆ ಕನ್ಫ್ಯೂಸ್ ಆಗ್ತಾರೆ."

"ಮೆಟ್ಟಿಲು ನೋಡಿ ಆಗಲ್ವಾ?" ಅಮ್ಮ ಕೇಳಿದಳು.

"ಅದಕ್ಕೆ ಬಟ್ಟೆ ಹಾಕಿದೀವಲ್ಲ. ಯಾರಿಗೆ ಗೊತ್ತಾಗತ್ತೆ?"

ಎಲ್ಲಿಟ್ಟಿದ್ದಾರೆಂದು ಹುಡುಕಿದವಳು ನಾನು. ತಿಂಡಿಯ ಮೇಜಿನ ಕೆಳಗೆ, ಪೇಪರ್ ಪ್ಲೇಟಿನ ಕಟ್ಟುಗಳ ಜೊತೆ, ರಟ್ಟಿನ ಡಬ್ಬದಲ್ಲಿ ರಾಜ ಬಿದ್ದಿದ್ದ. ಅವನ ಮೇಲೆ ತಲೆಕೆಳಗಾಗಿ ರಾಣಿ. ಅಮ್ಮನ ಸೆರಗು ಎಳೆದುಕೊಂಡು ಹೋಗಿ ತೋರಿಸಿದೆ. ಅವಳು ಬಗ್ಗಿ ನೋಡಿದಳು. ಎತ್ತಿಕೊಳ್ಳುತ್ತಾಳೆ ಅಂದುಕೊಂಡೆ. ಮೇಜಿನ ಬಟ್ಟೆಯನ್ನು ಮೊದಲಿನಂತೆ ಇಳಿಬಿಟ್ಟು, ನನ್ನ ಕಡೆ ನೋಡಿ, "ಇರ್ಲಿ ಬಿಡು. ಅಲ್ಲೇ ಇರ್ಲಿ" ಎಂದಳು. ಆ ದನಿ ನನಗೆ ಹೊಸದು. ನನಗೆ ಒಳಗೊಳಗೇ ಖುಷಿಯಾಯಿತು.

ಅತಿಥಿಗಳು ಬಂದರು, ಹಾಡಾಯಿತು, ಚಹಾ ಆಯಿತು. ವಿಮಲಾ ಆಂಟಿ ಸರಸರ ಬಂದರು.

"ಸುಧಾ, ಡ್ರಿಲ್ ಎಲ್ಲಿ? ಎಂಟಕ್ಕೆ ಹಾಲ್ ಬಿಡ್ಬೇಕು. ಗೊಂಬೆನೂ ಇವತ್ತೇ ಎತ್ತಿಡ್ಬೇಕು. ತಡ ಆದ್ರೆ ಹುಡುಗಿ ಮದುವೇನೂ ತಡ ಆಗತ್ತೆ ಅಂತ ಜಪಾನಲ್ಲಿ."

ಅಮ್ಮ ಮಡಚುವ ಕುರ್ಚಿಯೊಂದನ್ನು ಮೆಟ್ಟಿಲ ಮುಂದಕ್ಕೆ ಎಳೆದುಕೊಂಡು, ಡ್ರಿಲ್ಲನ್ನು ಮಡಿಲಲ್ಲಿಟ್ಟು ಕೂತಳು. "ಇವತ್ತು ಎತ್ತೋ ಹಾಗಿಲ್ಲ."

"ಯಾಕ್ರೀ?"

"ಶುಕ್ರವಾರ ಅಲ್ವಾ ವಿಮಲಾ."

ಕೂರಿಸಿದ ಗೊಂಬೆಯನ್ನು ಮಂಗಳವಾರ, ಶುಕ್ರವಾರ ಎತ್ತುವುದು ನಮ್ಮ ಮನೆಗಳಲ್ಲಿ ಇಲ್ಲ. ನಮ್ಮನ್ನು ಬಿಟ್ಟರೆ ಆ ಇಡೀ ಹಾಲ್‌ನಲ್ಲಿ ಇದನ್ನು ಬಲ್ಲವರು ವಿಮಲಾ ಆಂಟಿ ಒಬ್ಬರೇ.

"ಅದು ದಸರಾ ಗೊಂಬೆಗೆ ರೀ. ಇದು ಜಪಾನ್ ಗೊಂಬೆ!"

"ಮೆಟ್ಟಿಲು ಮೈಸೂರಿನವರದ್ದಲ್ವಾ. ಅದಕ್ಕೆ ವಾರ ಗೊತ್ತಾಗತ್ತೆ."

"ಹಠ ಮಾಡ್ಬೇಡಿ. ಇವರಿಗೆಲ್ಲ ನಾನು ಏನಂತ ಹೇಳ್ಲಿ?"

"ಇರೋದನ್ನ ಹೇಳಿ. ಕನ್ಫ್ಯೂಸ್ ಆದ್ರೆ ನಾನಿದೀನಲ್ಲ." ಅಮ್ಮ ತಟ್ಟೆಯಿಂದ ಗುಲಾಬಿ ಬಣ್ಣದ ಪುರಿ ಆರಿಸಿ ಬಾಯಿಗೆ ಹಾಕಿಕೊಂಡಳು. "ನಿಮ್ಮನೇಲಿ ಶುಕ್ರವಾರ ಎತ್ತೀರಾ? ಹೂಂ ಅನ್ನಿ, ಈಗ್ಲೇ ಬಿಚ್ಚಿಕೊಡ್ತೀನಿ."

ವಿಮಲಾ ಆಂಟಿ ಹೂಂ ಅನ್ನಲಿಲ್ಲ. ಅವರಿಗೂ ಒಬ್ಬಳು ಮಗಳಿದ್ದಳು. ಮೂಢನಂಬಿಕೆ ಎಂದು ಎಲ್ಲರ ಮುಂದೆ ನಕ್ಕುಬಿಟ್ಟಿದ್ದರೆ ಗೆಲ್ಲುತ್ತಿದ್ದರು. ಅದು ಅವರಿಂದ ಆಗಲಿಲ್ಲ. ಆ ಹೊತ್ತಿನ ಅವರ ಮುಖವನ್ನು ಎಷ್ಟು ಸಲ ನೆನೆದರೂ ನನಗೆ ಸಾಕಾಗಿಲ್ಲ.

ಏನು ಗಲಾಟೆ ಎಂದು ಅತಿಥಿಗಳು ಕಪ್ಪು ಹಿಡಿದುಕೊಂಡೇ ಸುತ್ತ ನೆರೆದರು. ವಿಮಲಾ ಆಂಟಿ ಮೊದಲು ಜಪಾನಿಯಲ್ಲಿ, ಆಮೇಲೆ ಇಂಗ್ಲಿಷಿನಲ್ಲಿ ಹೇಳಬೇಕಾಯಿತು: ಈ ಮೆಟ್ಟಿಲು ಭಾರತದ ಮೈಸೂರಿನವರದು, ಅಲ್ಲಿಯೂ ಗೊಂಬೆ ಕೂರಿಸುತ್ತಾರೆ, ಅಲ್ಲಿಯೂ ರಾಜ ರಾಣಿ ಇರುತ್ತಾರೆ. ಬಿಳಿಕೂದಲಿನ ಅತಿಥಿಯೊಬ್ಬರು ಕುತೂಹಲದಿಂದ ಕೇಳಿದರು, ಆ ರಾಜ ರಾಣಿ ಎಲ್ಲಿ?

 ಅಮ್ಮ ತಿಂಡಿಯ ಮೇಜಿನ ಕಡೆ ಬೆರಳು ತೋರಿಸಿದಳು.

ವಿಮಲಾ ಆಂಟಿ ಎಲ್ಲರೆದುರು ಮಂಡಿಯೂರಿ ಬಟ್ಟೆ ಸರಿಸಿದರು. ಡಬ್ಬ ಹೊರಗೆ ಬಂತು. ಪೇಪರ್ ಪ್ಲೇಟುಗಳೂ ಬಂದವು.  ಯಾರಾದರೂ ಬೈದಿದ್ದರೆ ಅವರಿಗೆ ಸುಲಭವಾಗುತ್ತಿತ್ತು. ಹನಾಳ ಅಮ್ಮ ರಾಣಿಯನ್ನು ಎತ್ತಿಕೊಂಡು ತಮ್ಮ ತೋಳಿನಿಂದ ಮುಖ ಒರೆಸಿ, ಚಕ್ರವರ್ತಿನಿಯ ಪಕ್ಕಕ್ಕೇ ಇಟ್ಟರು, ಜೊತೆಗೆ ರಾಜನನ್ನೂ. ಆಮೇಲೆ ಅಮ್ಮನ ಮುಂದೆ ಬಂದು ನಿಂತು, ನನ್ನ ಮಗಳು, ದಯವಿಟ್ಟು, ಎಂದರು. ಅಷ್ಟೇ ಇಂಗ್ಲಿಷ್.

ಅಮ್ಮನಿಗೆ ಬೇಕಾದದ್ದು ಸಿಕ್ಕಿಯಾಗಿತ್ತು. ಏಳಬಹುದಿತ್ತು. ನಾನು ಅವಳ ಭುಜ ಹಿಡಿದು ನಿಂತಿದ್ದೆ, ಏಳಬೇಡ ಎಂದು ಮನಸ್ಸಿನಲ್ಲೇ ಬೇಡುತ್ತ. ಅವಳು ಏಳಲಿಲ್ಲ. "ನಾಳೆ ಬೆಳಿಗ್ಗೆ" ಎಂದಳು.

ಆಗ ಹನಾಳ ಅಮ್ಮ ಮೇಲಿನ ಮೆಟ್ಟಿಲಿನಿಂದ ತೊಡಗಿ ಒಂದೊಂದೇ ಗೊಂಬೆಯನ್ನು ಎತ್ತದೆ, ಕೂತಲ್ಲೇ ಹಿಂದಕ್ಕೆ ತಿರುಗಿಸಿದರು. ಹೊರಟುನಿಂತಿದ್ದಾರೆ ಎಂದು ಅದರ ಅರ್ಥವಂತೆ. ಸಮಯಕ್ಕೆ ತೆಗೆಯಲಾಗದವರು ಹಾಗೆ ಮಾಡುವುದಂತೆ. ಚಕ್ರವರ್ತಿ, ಸಖಿಯರು, ವಾದ್ಯದವರು ಎಲ್ಲ ನಮಗೆ ಬೆನ್ನು ಹಾಕಿದರು. ಅಮ್ಮ ಆಮೇಲೆ ಎದ್ದು ನಮ್ಮ ಪದ್ಧತಿಯಂತೆ ರಾಜ ರಾಣಿಯನ್ನು ಅಲ್ಲೇ ಕರ್ಚೀಫಿನ ಮೇಲೆ ಮಲಗಿಸಿದಳು. ಅತಿಥಿಗಳು ಚಪ್ಪಾಳೆ ತಟ್ಟಿದರು. ಅವರಿಗೆ ಇದೂ ಕಾರ್ಯಕ್ರಮದ ಭಾಗವೆನ್ನಿಸಿತ್ತು. ಹಾಲ್‌ನವರಿಗೆ ಫೋನ್ ಮಾಡಿ ಗೋಗರೆಯುವ ಕೆಲಸ ವಿಮಲಾ ಆಂಟಿಯ ಪಾಲಿಗೆ ಬಂತು.

ಬಾಗಿಲ ಹತ್ತಿರ ಹನಾ ನನ್ನನ್ನು ತಡೆದಳು. "ನಿಮ್ಮಮ್ಮ ಕೆಟ್ಟವರು" ಎಂದಳು ಇಂಗ್ಲಿಷಿನಲ್ಲಿ. ತಪ್ಪಿಲ್ಲದ ವಾಕ್ಯ. ಆಮೇಲೆ ಅವಳು ನಮ್ಮ ಮನೆಗೆ ಬರಲಿಲ್ಲ. ಬೇಸಿಗೆ ರಜೆಯಲ್ಲಿ ಅವರು ಜಪಾನಿಗೆ ವಾಪಸಾದರೆಂದು ಶಾಲೆಯಲ್ಲಿ ಯಾರೋ ಹೇಳಿದರು.

ಈಗ ನಾನು ಹ್ಯೂಸ್ಟನ್ ಕಡೆ ಕೆಲಸದಲ್ಲಿದ್ದೇನೆ. ವಿಮಲಾ ಆಂಟಿಯೂ ಪಕ್ಕದ ಸ್ಟಾಫರ್ಡ್‌ಗೆ ಶಿಫ್ಟ್ ಆಗಿದ್ದಾರೆ. ಆ ಸಂಜೆಯ ಕಥೆಯನ್ನು ಅವರು ಎಲ್ಲ ಸಮಾರಂಭಗಳಲ್ಲೂ ಹೇಳುತ್ತಾರೆ: ಎರಡು ದೇಶಗಳ ಗೊಂಬೆಗಳು ಒಂದೇ ಮೆಟ್ಟಿಲ ಮೇಲೆ ನಿದ್ದೆಹೋದ ಕಥೆ. ಅದರಲ್ಲಿ ಡಬ್ಬವಿಲ್ಲ, ಡ್ರಿಲ್ಲಿಲ್ಲ, ಹನಾ ಇಲ್ಲ. ಕಳೆದ ವರ್ಷ ನನ್ನ ಮನೆಯ ಗೃಹಪ್ರವೇಶದಲ್ಲಿ ಅವರು ಹೇಳುವಾಗ ಅಮ್ಮ ಪಕ್ಕದಲ್ಲೇ ಕೂತು ತಲೆಯಾಡಿಸುತ್ತಿದ್ದಳು.

ಆಮೇಲೆ ಅಡುಗೆಮನೆಯಲ್ಲಿ ಕೇಳಿದೆ, "ಅಮ್ಮ, ಆ ಡಬ್ಬ ಮೇಜಿನ ಕೆಳಗೆ ತಳ್ಳಿದ್ದು ಯಾರು?"

"ಯಾವ ಡಬ್ಬಾನೇ?"

"ರಾಜ ರಾಣಿ ಇದ್ದಿದ್ದು."

"ನಾನೇ ಇಟ್ಟಿದ್ನೇನೋ. ಧೂಳಾಗ್ಬಾರ್ದು ಅಂತ. ಪಾಪ, ವಿಮಲಾ ಎಷ್ಟು ಓಡಾಡಿದ್ರು ಅವತ್ತು."

ಅವಳು ನಟಿಸುತ್ತಿರಲಿಲ್ಲ. ನನ್ನ ಗೆಳತಿಯನ್ನು ಕೊಟ್ಟು ನಾನು ಒಂದು ಸಂಜೆಯ ಮಟ್ಟಿಗೆ ಪಡೆದುಕೊಂಡಿದ್ದ ಅಮ್ಮ, ಡ್ರಿಲ್ಲು ಮಡಿಲಲ್ಲಿಟ್ಟುಕೊಂಡು ಯಾರಿಗೂ ಜಗ್ಗದೆ ಕೂತಿದ್ದವಳು, ಈಗ ನನ್ನ ತಲೆಯಲ್ಲಿ ಬಿಟ್ಟರೆ ಬೇರೆಲ್ಲೂ ಇಲ್ಲ. ನಾನು ಸತ್ತರೆ ವಿಮಲಾ ಆಂಟಿಯ ಕಥೆಯೇ ಉಳಿಯುತ್ತದೆ. ಅದಕ್ಕೇ ಇದನ್ನು ಬರೆಯುತ್ತಿರುವುದು.

ರೌಂಡ್ ರಾಕ್‌ಗೆ ಹೋದಾಗಲೆಲ್ಲ ಅಮ್ಮ ಸ್ಟಾಫರ್ಡ್‌ನ ವಿಮಲಾ ಆಂಟಿಗೆಂದು ಚಟ್ನಿಪುಡಿ ಕಟ್ಟಿಕೊಡುತ್ತಾಳೆ. ನಾನು ತಲುಪಿಸುವುದಿಲ್ಲ. ಬೆಣ್ಣೆ ಸವರಿದ ಬ್ರೆಡ್ಡಿನ ಮೇಲೆ ಉದುರಿಸಿಕೊಂಡು, ಒಬ್ಬಳೇ ನಿಧಾನವಾಗಿ ಪೂರ್ತಿ ತಿನ್ನುತ್ತೇನೆ. ಮೊನ್ನೆ ಅಮ್ಮ ಫೋನಿನಲ್ಲಿ ಹೇಳಿದಳು, "ವಿಮಲಾಗೆ ಫೋನ್ ಮಾಡಿದ್ದೆ ಕಣೇ. ಚಟ್ನಿಪುಡಿ ತುಂಬಾ ಚೆನ್ನಾಗಿತ್ತಂತೆ."