ತಗಡಿನ ಕೆಳಗಿನ ಕೈ

ಜೇವರ್ಗಿಯ ಹೊರಗಿರುವ ಹೊಸ ಗೋದಾಮಿಗೆ ಇನ್ನೂ ತೊಗರಿ ಬಂದಿಲ್ಲ. ತಗಡು ಹೊದಿಸಿ ಎರಡೇ ದಿನವಾಗಿದೆ. ನಸುಕಿನಲ್ಲಿ ಅಜೀಜಾಬಿ ಬಾಗಿಲು ಮುಚ್ಚಿಕೊಂಡು, ನೆಲಕ್ಕೆ ಗೋಣಿತಟ್ಟು ಹಾಸಿ ಅಂಗಾತ ಮಲಗುತ್ತಾರೆ. ಐವತ್ತು ದಾಟಿದ ಹೆಂಗಸು ಹೀಗೆ ಬಿದ್ದುಕೊಂಡಿದ್ದನ್ನು ಕಂಡರೆ ಯಾರಿಗಾದರೂ ಗಾಬರಿಯಾಗಬೇಕು. ಅವರ ಪಕ್ಕದಲ್ಲಿ ಒಂದು ಬಿದಿರು, ಅದರ ತುದಿಗೆ ಸುಣ್ಣದಲ್ಲಿ ಅದ್ದಿದ ಬಟ್ಟೆ. ಬೆಳಕು ಹರಿದಂತೆ ಮಾಡಿನಲ್ಲಿ ಅಲ್ಲೊಂದು ಇಲ್ಲೊಂದು ಚುಕ್ಕೆ ಮಿನುಗುತ್ತದೆ. ಅವರು ಎದ್ದು ಹೋಗಿ ಅಲ್ಲಿ ಗುರುತಿಗೆ ಸುಣ್ಣ ಒತ್ತುತ್ತಾರೆ.

"ಬೆಳಕು ಬಂದಲ್ಲಿ ನೀರೂ ಬರ್ತದ್ರಿ. ಅದರ ಚಿಂತಿ ನನಗಿಲ್ಲ. ಆ ಮೂತಿ ಕಾಣ್ತಾವಲ್ಲ, ಅವನ್ನ ನೋಡ್ರಿ," ಎಂದು ಜತೆಗಿದ್ದವರಿಗೆ ಹೇಳುತ್ತಾರೆ. ಅಂಚಿನ ಕಡೆ, ಅಡ್ಡ ಪೈಪಿನ ಪಕ್ಕದಲ್ಲಿ, ಒಂಬತ್ತು ಸ್ಕ್ರೂಗಳ ಮೂತಿ ಹೊರಗೆ ಇಣುಕುತ್ತಿವೆ.

ಇವು ಹಳೆಯ ಸ್ಕ್ರೂಗಳ ಜಾತಿಯಲ್ಲ. ಮೂತಿಯೇ ಪುಟ್ಟ ಬರ್ಮಾ, ಅಂದರೆ ಬೈರಿಗೆ. ಮೊದಲು ತೂತು ಕೊರೆಯುವ ಗೊಡವೆಯಿಲ್ಲ. ಮಷೀನಿಗೆ ಸಿಕ್ಕಿಸಿ ಒತ್ತಿದರೆ ತಗಡನ್ನೂ ಅದರಡಿಯ ಕಬ್ಬಿಣವನ್ನೂ ತಾನೇ ಕೊರೆದು ಬಿಗಿಯಾಗಿ ಕೂರುತ್ತದೆ. ತಲೆಯ ಕೆಳಗಿನ ರಬ್ಬರು ನೀರು ತಡೆಯುತ್ತದೆ. ತಗಡಿನ ಉಬ್ಬಿನ ಮೇಲೆಯೇ ಹೊಡೆಯಬೇಕು, ತಗ್ಗಿನಲ್ಲಿ ಹೊಡೆದರೆ ನೀರು ಇಳಿಯುತ್ತದೆ. ಅತಿಯಾಗಿ ಬಿಗಿದರೆ ರಬ್ಬರು ಸೀಳುತ್ತದೆ. ಇದೆಲ್ಲ ಮೇಲಿದ್ದವನ ಕಣ್ಣಿಗೆ ಬೀಳುತ್ತದೆ. ಪೈಪು ಸಿಕ್ಕಿತೋ ತಪ್ಪಿತೋ ಅನ್ನುವುದನ್ನು ಕೈಯೇ ಹೇಳಬೇಕು, ಮತ್ತು ದಿನಕ್ಕೆ ನಾನೂರು ಹೊಡೆಯುವ ಕೈಗೆ ಸಂಜೆ ಹೊತ್ತಿಗೆ ಯಾವ ಖಬರೂ ಇರುವುದಿಲ್ಲ.

"ಸರಿಯಾಗಿ ಕೂತದ್ದು ಪೈಪಿನ ಹೊಟ್ಟ್ಯಾಗ ಹೋಗ್ತದ, ಕೆಳಗಿಂದ ಕಾಣಂಗಿಲ್ಲ. ಕಂಡ್ತಂದ್ರ ಅದು ತಪ್ಪಿದ್ದು."

ತಗಡು ಕೂಡಿಸುವ ಅಂಬಾರಾಯ ಮಷೀನು ಹಿಡಿದು ಬರುತ್ತಾನೆ. ಮಾಡಿನ ನೆತ್ತಿಯಲ್ಲಿ ಇನ್ನಷ್ಟು ಸ್ಕ್ರೂ ಹೊಡೆಯುವುದು ಬಾಕಿ, ಅಂಚಿನ ಮೇಲಿಂದಲೇ ಅಲ್ಲಿಗೆ ಹೋಗಬೇಕು. ಅಜೀಜಾಬಿ ನಿಚ್ಚಣಿಕೆಯ ಕೆಳಗಿನ ಮೆಟ್ಟಿಲ ಮೇಲೆ ಕಾಲಿಟ್ಟು ನಿಲ್ಲುತ್ತಾರೆ.

"ಚಾಚಿ, ದಾರಿ ಬಿಡ್ರಿ. ನಾ ಹೊಡದದ್ದು ನನಗ ಗೊತ್ತದ."

"ನಿಮ್ಮ ಚಾಚಾಗೂ ಗೊತ್ತಿತ್ತಪ್ಪ."

ಚಾಚಾ ಅಂದರೆ ಆಕೆಯ ಗಂಡ ಖಾದರಸಾಬ. ಅಫಜಲಪುರದ ಈ ಜೋಡಿ ಇಪ್ಪತ್ನಾಲ್ಕು ವರ್ಷ ಸುತ್ತಲಿನ ಮೂರು ತಾಲೂಕಿನಲ್ಲಿ ತಗಡು ಹೊದಿಸಿದೆ. ಆಗ ಸ್ಕ್ರೂ ಎಲ್ಲಿತ್ತು? ಕಬ್ಬಿಣದ ಕೊಕ್ಕೆ, ಮೇಲೆ ನಟ್ಟು. ಗಂಡ ಮೇಲೆ ಕೂತು ನಟ್ಟು ತಿರುವಬೇಕು, ಹೆಂಡತಿ ಕೆಳಗೆ ನಿಂತು ಕೊಕ್ಕೆಯನ್ನು ಪೈಪಿಗೆ ಒತ್ತಿ ಹಿಡಿಯಬೇಕು. ನಡುವೆ ತಗಡು, ಮುಖ ಕಾಣದು, ಮಾತು ಕೇಳದು. ಹಾಗಾಗಿ ನಟ್ಟು ತಿರುವುವ ಪಾನಾದಿಂದ ಬಡಿದೇ ಸಂಸಾರ. ಒಂದು ಬಡಿದರೆ ಹಿಡಿ. ಎರಡಕ್ಕೆ ಸಡಿಲ ಬಿಡು. ಮೂರು ಬಡಿದರೆ ಇಲ್ಲಿಯದು ಮುಗಿಯಿತು, ಮುಂದಕ್ಕೆ ನಡೆ.

ಗಡಿಯಲ್ಲಿ ಭೂಕಂಪವಾದ ಮರುವರ್ಷ ಹಿರೋಳ್ಳಿ ಕಡೆಯ ಜನ ಕಲ್ಲು-ಮಣ್ಣಿನ ಮಾಳಿಗೆಯ ಕೆಳಗೆ ಮಲಗಲು ಹೆದರಿ ತಗಡಿಗೆ ಮುಗಿಬಿದ್ದರು. ಸೊಲ್ಲಾಪುರದಿಂದ ಮಷೀನು ಬಂತು, ಸ್ಕ್ರೂ ಬಂತು. ಕೆಳಗೆ ಹಿಡಿಯುವವರ ಹಂಗೇ ಬೇಡವಾಯಿತು. ಇಷ್ಟು ವರ್ಷ ಕತ್ತು ಎತ್ತಿ ಸೋತಿದ್ದೀಯ, ಮನೆಯಲ್ಲಿರು ಎಂದು ಖಾದರಸಾಬರೇ ಪ್ರೀತಿಯಿಂದ ಹೇಳಿದರು.

"ನನಗೂ ಖುಷಿನೇ ಆಗಿತ್ರಿ. ಅದೇ ಈಗ ನನ್ನ ಸುಡ್ತದ."

ಮಣ್ಣೂರಿನ ಒಂದು ಶೆಡ್ಡಿನಲ್ಲಿ ಅಂಚಿನ ಸಾಲಿನ ಸ್ಕ್ರೂ ಪೈಪು ತಪ್ಪಿದ್ದವು. ಕೆಳಗೆ ನೋಡುವವರು ಯಾರೂ ಇರಲಿಲ್ಲ. ಖಾದರಸಾಬ ಅದರ ಮೇಲೆ ಕಾಲಿಟ್ಟರು, ತಗಡು ಜಾರಿತು, ತಗಡಿನ ಜತೆ ಅವರೂ ಕೆಳಗೆ ಬಂದರು. ಕೆಟ್ಟ ಮೇಲೆ ಬುದ್ಧಿ ಬಂತು ಅನ್ನುತ್ತಾರಲ್ಲ, ಇಲ್ಲಿ ಬುದ್ಧಿ ಬಂದದ್ದೂ ಅಜೀಜಾಬಿ ಒಬ್ಬರಿಗೇ. ಅಂದಿನಿಂದ ಎಲ್ಲಿ ತಗಡು ಏರಿದೆ ಎಂದು ಕೇಳಿದರೂ ಬಿದಿರು ಹಿಡಿದು ಬಸ್ಸು ಹತ್ತುತ್ತಾರೆ. ಕಳೆದ ವರ್ಷ ಹದಿನಾಲ್ಕು ಕಡೆ ಹೋದರು, ಒಳಗೆ ಬಿಟ್ಟವರು ಐದು ಮಂದಿ. ಕಡಗಂಚಿಯಲ್ಲೊಬ್ಬರು ಅಪಶಕುನ ಎಂದು ಹೊಸ್ತಿಲಿನಿಂದಲೇ ಅಟ್ಟಿದರು.

ನಿಚ್ಚಣಿಕೆಯ ಜಗಳ ಅರ್ಧ ತಾಸು ನಡೆಯುತ್ತದೆ. ಗೋದಾಮಿನ ಮಾಲೀಕ ಶಾಂತಲಿಂಗಪ್ಪನವರಿಗೆ ತಡವಾಗುತ್ತಿರುವ ಸಿಟ್ಟು. ಕೊನೆಗೆ ಅಂಬಾರಾಯ ಬಿದಿರು ಕಸಿದುಕೊಂಡು, ಮುದುಕಿಯ ಬಾಯಿ ಮುಚ್ಚಿಸಲೆಂದೇ, ಅಂಚಿನ ತಗಡನ್ನು ಕೆಳಗಿನಿಂದ ತಿವಿಯುತ್ತಾನೆ. ಅದು ಸಂದೂಕದ ಮುಚ್ಚಳದಂತೆ ಮೇಲೇಳುತ್ತದೆ. ಅವನು ಬಿದಿರು ಇಳಿಸಿ ಗೋಣಿತಟ್ಟಿನ ಮೇಲೆ ಕೂತುಬಿಡುತ್ತಾನೆ. ಅವನ ಮನೆಯಲ್ಲಿ ಮೂರು ತಿಂಗಳ ಕೂಸಿದೆ.

"ಮುಂದಿನ ಕೆಲಸಕ್ಕ ಬರ್ತೀರೇನ್ ಚಾಚಿ," ಅನ್ನುತ್ತಾನೆ.

ಸಂಜೆ ಅಜೀಜಾಬಿ ಅಫಜಲಪುರಕ್ಕೆ ಮರಳಿದಾಗ ಖಾದರಸಾಬ ಕಬ್ಬಿಣದ ಮಂಚದ ಮೇಲೆ ಬಾಗಿಲ ಕಡೆಗೇ ಕಣ್ಣಿಟ್ಟಿದ್ದಾರೆ. ಸೊಂಟದ ಕೆಳಗೆ ಜೀವವಿಲ್ಲ, ಮಾತು ಹೋಗಿದೆ. ಬಲಗೈಯಲ್ಲಿ ಹಳೆಯ ಪಾನಾ ಉಳಿದಿದೆ. ಹೆಂಡತಿ ಕಿವಿಯ ಹತ್ತಿರ ಬಾಗಿ, "ಒಂಬತ್ತು ತಪ್ಪಿದ್ವು. ಹುಡುಗ ಉಳದಾನ," ಎಂದು ಹೇಳುತ್ತಾರೆ. ಖಾದರಸಾಬರ ಕಣ್ಣು ತುಂಬಿಕೊಳ್ಳುತ್ತದೆ. ಪಾನಾ ಮಂಚದ ಕಾಲಿಗೆ ಒಮ್ಮೆ ತಗಲುತ್ತದೆ.

"ಒಂದಂದ್ರ ನೀರು," ಎನ್ನುತ್ತ ಆಕೆ ತಂಬಿಗೆ ತರುತ್ತಾರೆ. "ಎರಡಂದ್ರ ಮಗ್ಗಲಾ ಬದಲಿಸು. ಮೂರು ಮಾತ್ರ ಬಡಿಬ್ಯಾಡ್ರಿ ಅಂತ ಕೈ ಮುಗದೇನಿ. ನಾ ಇನ್ನ ಕೆಳಗ ಹಿಡಕೊಂಡೇ ನಿಂತೇನಿ."