ಪ್ವೀಮೊರೆಲ್ ಏರಿನ ಠಸ್ಸೆ

ನಮ್ಮ ವೆರ್ನಾಕ್ ಊರಿನಲ್ಲಿ ಆನ್ಸೆಲ್ಮ್ ಪ್ರಾದಿಯೆಯ ಹತ್ತಿರ ಯಾರೂ ದಾರಿ ಕೇಳಬಾರದು. ಕೇಳಿದರೆ ಹೇಳುತ್ತಾನೆ, ಸುಳ್ಳೂ ಹೇಳುವುದಿಲ್ಲ. ಆದರೆ ಹತ್ತಿರದ ದಾರಿಯೊಂದು ಅವನ ಬಾಯಿಂದ ಬಂದದ್ದನ್ನು ಈವರೆಗೆ ಯಾರೂ ಕೇಳಿಲ್ಲ. ಹಿಂದಿನ ಬೇಸಿಗೆಯಲ್ಲಿ ಸೈಕಲ್ಲಿಗೆ ನಾಲ್ಕು ನಾಲ್ಕು ಚೀಲ ಕಟ್ಟಿಕೊಂಡು ಬಂದ ಹಾಲೆಂಡಿನ ಗಂಡ ಹೆಂಡತಿ, ಡೇರೆ ಹಾಕುವ ಮೈದಾನ ಎಲ್ಲಿ ಎಂದು ಇವನನ್ನೇ ಕೇಳಬೇಕೆ? ಮೈದಾನ ಇದ್ದದ್ದು ಚರ್ಚಿನ ಬೆನ್ನಿಗೆ. ಇವನು ಅವರನ್ನು ಎರಡು ಗುಡ್ಡ ಹತ್ತಿಸಿ, ಓಕ್ ಮರಗಳ ತೋಪು ದಾಟಿಸಿ, ಹಳೆಯ ಗಿರಣಿಯ ಸೇತುವೆ ಸುತ್ತಿಸಿ ಕಳಿಸಿದ. ಸಂಜೆ ಬೆವರಿಳಿಸುತ್ತ ಅದೇ ಚರ್ಚಿನ ಹಿಂದೆ ಬಂದು ನಿಂತ ಅವರು ಇವನನ್ನು ಕಂಡು ತಮ್ಮ ಭಾಷೆಯಲ್ಲಿ ಏನೋ ಅಂದರು. ನಮಗೆ ಅರ್ಥವಾಗಲಿಲ್ಲ, ಹೊಗಳಿಕೆಯಲ್ಲ ಎನ್ನುವಷ್ಟು ಮಾತ್ರ ತಿಳಿಯಿತು.

"ಆ ಸೇತುವೆ ನೋಡದೇನೇ ಮಲಗಿಬಿಡ್ತಿದ್ರಲ್ಲ, ಪಾಪ" ಎಂದ ಆನ್ಸೆಲ್ಮ್.

ಮೂವತ್ತೆಂಟು ವರ್ಷ ರಸ್ತೆ ರಿಪೇರಿಯ ಕೆಲಸ ಮಾಡಿದವನು. ಈ ಸುತ್ತಿನ ಒಂದೊಂದು ಹೊಂಡವನ್ನೂ ಕೈಯಾರೆ ಮುಚ್ಚಿದವನು. ಈಗ ಎಪ್ಪತ್ನಾಲ್ಕು. ಮದುವೆಯಾಗಲಿಲ್ಲ, ಯಾಕೆ ಎಂದು ಕೇಳಿದರೆ ರಸ್ತೆ ಬದಿಯಲ್ಲಿ ಹೆಣ್ಣುಗಳು ನಿಲ್ಲುವುದಿಲ್ಲ ಎನ್ನುತ್ತಾನೆ. ಜೂನ್ ತಿಂಗಳ ಮೊದಲ ಭಾನುವಾರ ನಮ್ಮ ಸೈಕಲ್ ಕ್ಲಬ್ಬಿನ ದೊಡ್ಡ ಸವಾರಿ, ನೂರಹತ್ತು ಕಿಲೋಮೀಟರು. ಅದರ ದಾರಿ ಗೊತ್ತುಮಾಡುವವನು ಹತ್ತೊಂಬತ್ತು ವರ್ಷದಿಂದ ಇವನೇ. ನಾನು ಮಿರೇಯ್, ಕ್ಲಬ್ಬಿನ ಕಾರ್ಯದರ್ಶಿ. ಎಲ್ಲರ ಬೈಗುಳಗಳೂ ಕೊನೆಗೆ ಬಂದು ಬೀಳುವ ಜಾಗ ನನ್ನದು.

ಬೈಗುಳಕ್ಕೆ ಕಾರಣ ಪ್ವೀಮೊರೆಲ್. ಸವಾರಿ ಒಂದು ವರ್ಷ ಪೂರ್ವಕ್ಕೆ ಹೋಗಲಿ, ಇನ್ನೊಂದು ವರ್ಷ ಪಶ್ಚಿಮಕ್ಕೆ ಹೋಗಲಿ, ಮಧ್ಯದಲ್ಲೆಲ್ಲೋ ತಿರುಗಿ ಪ್ವೀಮೊರೆಲ್ ಗುಡ್ಡದ ಬುಡಕ್ಕೆ ಬಂದೇ ಬರುತ್ತಿತ್ತು. ನಾಲ್ಕು ಕಿಲೋಮೀಟರು ನೆಟ್ಟಗೆ ಏರು. ಮೇಲೆ ಹೋದರೆ ರಸ್ತೆ ಅಲ್ಲಿಗೇ ಮುಗಿಯಿತು, ಬಂದ ದಾರಿಯಲ್ಲೇ ಇಳಿಯಬೇಕು. ಮೇಲಿರುವುದು ಮೂರು ಮನೆ, ಅದರಲ್ಲಿ ಎರಡಕ್ಕೆ ಬೀಗ. ಮೂರನೆಯದರಲ್ಲಿ ಕ್ಲೋಟಿಲ್ಡ್ ಫೋಜರೋ ಇಪ್ಪತ್ತು ಆಡು ಸಾಕಿಕೊಂಡು ಚೀಸ್ ಮಾಡುತ್ತಾಳೆ. ಗಂಡ ತೀರಿಹೋಗಿ ಇಪ್ಪತ್ತೊಂದು ವರ್ಷ. ಅವಳ ಅಂಗಳದಲ್ಲಿ ಒಂದು ಮೇಜು. ಸವಾರರು ತಮ್ಮ ಕಾರ್ಡು ಚಾಚಬೇಕು, ಅವಳು ಆಡಿನ ತಲೆಯಿರುವ ತನ್ನ ಚೀಸಿನ ಠಸ್ಸೆಯನ್ನು ಅದರ ಮೇಲೆ ಒತ್ತಬೇಕು. ಕಾರ್ಡಿನಲ್ಲಿ ದಾರಿಯ ಆರು ಊರಿಗೆ ಆರು ಚೌಕ, ಆರರಲ್ಲೂ ಠಸ್ಸೆ ಬಿದ್ದರೇನೇ ಸವಾರಿ ಮುಗಿಸಿದ ಪತ್ರ. ಒಂದು ತಪ್ಪಿದರೂ ಇಲ್ಲ.

ಎಲ್ಲರಿಗಿಂತ ಮೊದಲು ಮೇಲೆ ತಲುಪುತ್ತಿದ್ದವನು ಆನ್ಸೆಲ್ಮ್. ಹನ್ನೊಂದು ಗಂಟೆಗೆ ಸರಿಯಾಗಿ. ನಾನು ಒಂದು ವರ್ಷ ಅವನ ಹಿಂದೆಯೇ ಹೋಗಿ ಕಿವಿಗೊಟ್ಟು ನಿಂತಿದ್ದೆ.

"ಬೋಂಜೂರ್, ಮದಾಮ್."

"ಬೋಂಜೂರ್, ಮೊಸ್ಯೂ ಪ್ರಾದಿಯೆ."

ಠಪ್ ಎಂದು ಠಸ್ಸೆ.

"ಆಡುಗಳು ಚೆನ್ನಾಗಿವೆಯಾ?"

"ಚೆನ್ನಾಗಿವೆ."

ಇಷ್ಟು. ಟೋಪಿ ಮುಟ್ಟಿ ನಮಸ್ಕಾರ ಮಾಡಿ ಇಳಿದುಬಿಟ್ಟ. ಮುಂದಿನ ಮಾತಿಗೆ ಮುಂದಿನ ಜೂನ್. ಇಡೀ ಕ್ಲಬ್ಬು ಇವನ ಈ ನಾಲ್ಕು ಮಾತಿಗಾಗಿ ವರ್ಷ ವರ್ಷ ಗುಡ್ಡ ಹತ್ತಿ ಏದುಸಿರು ಬಿಡುತ್ತಿದೆ ಎಂಬುದು ನನಗೊಬ್ಬಳಿಗೇ ಗೊತ್ತಿತ್ತು.

"ಊರಿಂದ ಆರೇ ಕಿಲೋಮೀಟರು ಕಣೋ. ಕಾರು ತಗೊಂಡು ಒಂದು ಮಂಗಳವಾರ ಹೋಗಿ ಬಾಗಿಲು ತಟ್ಟು" ಎಂದೆ ಒಮ್ಮೆ, ತಡೆಯಲಾರದೆ.

"ಯಾವ ಕೆಲಸ ಅಂತ ಹೇಳ್ಕೊಂಡು ಹೋಗ್ಲಿ?"

"ಚೀಸ್ ಬೇಕು ಅನ್ನು."

"ಸಂತೇಲಿ ಕೊಂಡ್ಕೋತೀನಲ್ಲ, ಅವಳ ಅಂಗಡೀಲೇ, ಪ್ರತಿ ಶನಿವಾರ. ಅದು ಅವಳಿಗೂ ಗೊತ್ತು."

ಶನಿವಾರ ಅವಳ ಮುಂದೆ ಹತ್ತು ಜನ ಸಾಲು ನಿಂತಿರುತ್ತಾರೆ, ಅಲ್ಲಿ ಇವನಿಗೆ ಬೋಂಜೂರ್ ಕೂಡ ಸರಿಯಾಗಿ ಹೊರಡುವುದಿಲ್ಲ. ಹೇಳಿ ಏನು ಪ್ರಯೋಜನ.

ಈ ವರ್ಷ ಎರಡು ಕಷ್ಟ ಒಟ್ಟಿಗೆ ಬಂದವು. ಒಂದು ಅವನ ಬಲ ಮಂಡಿ. ಬೇಕಾದರೆ ಈ ಜೂನಿನಲ್ಲಿ ಒಂದು ಸಲ ಗುಡ್ಡ ಹತ್ತು, ಆಮೇಲೆ ಏರು ಅನ್ನುವುದನ್ನೇ ಮರೆತುಬಿಡು ಎಂದು ಡಾಕ್ಟರು ಕಡ್ಡಿ ಮುರಿದಂತೆ ಹೇಳಿದ್ದರು. ಆನ್ಸೆಲ್ಮ್ ಬಂದು ನನ್ನ ಅಡುಗೆಮನೆಯಲ್ಲಿ ಕೂತು, "ಹಾಗಾದ್ರೆ ಈ ಸಲ ಹೇಳೇಬಿಡ್ತೀನಿ, ಮಿರೇಯ್" ಎಂದ. ಏನು ಹೇಳುತ್ತಾನೆ ಎಂದು ನಾನು ಕೇಳಲಿಲ್ಲ. ಅವನ ಕಿವಿಯೆಲ್ಲ ಕೆಂಪಾಗಿತ್ತು.

ಎರಡನೆಯ ಕಷ್ಟ ಗಾಯೆತಾನ್. ಹೊಸ ಅಧ್ಯಕ್ಷ. ಅವನ ಸೈಕಲ್ಲು ನನ್ನ ಕೈಚೀಲಕ್ಕಿಂತ ಹಗುರ, ಮಾತು ಅದಕ್ಕಿಂತ ಹಗುರ. ಮಾರ್ಚ್ ತಿಂಗಳ ಸಭೆಯಲ್ಲಿ ಎದ್ದು ನಿಂತು, "ಹತ್ತೋದು, ಅದೇ ದಾರೀಲಿ ಇಳಿಯೋದು, ಇದ್ರಲ್ಲಿ ಅರ್ಥ ಏನ್ರೀ? ಹಳೇ ರೈಲು ದಾರಿ ಈಗ ನುಣ್ಣಗೆ ಮಾಡಿದ್ದಾರೆ, ಕಣಿವೇಲೇ ಹೋಗೋಣ" ಎಂದ. ಗುಡ್ಡ ಬೇಡ ಎಂದು ಮೂವತ್ತೊಂದು ಕೈ ಮೇಲೆದ್ದವು. ಬೇಕು ಎಂದು ಎರಡು. ಒಂದು ಆನ್ಸೆಲ್ಮನದು. ಇನ್ನೊಂದು ನನ್ನದು, ಗಾಯೆತಾನ್‌ನ ಮುಖ ನೋಡಿ ಬಂದ ಸಿಟ್ಟಿಗೆ ಎತ್ತಿದ್ದು.

ಆದರೆ ನನಗೆ ಗೊತ್ತಿದ್ದ ಒಂದು ವಿಷಯ ಆ ಸಭೆಯಲ್ಲಿ ಯಾರಿಗೂ ಗೊತ್ತಿರಲಿಲ್ಲ. ಠಸ್ಸೆ ಹಾಕುವ ಆರು ಊರುಗಳ ಹೆಸರು ಬರೆದು ನಾನು ಜನವರಿಯಲ್ಲೇ ಜಿಲ್ಲೆಯ ಸೈಕಲ್ ಸಂಘದವರಿಗೆ ಕಳಿಸಿದ್ದೆ. ಅವರು ಸಹಿ ಹಾಕಿ ವಾಪಸು ಕಳಿಸಿದ್ದರು. ಕಾರ್ಡುಗಳೂ ಅಚ್ಚಾಗಿ ನನ್ನ ಬೀರುವಿನಲ್ಲಿದ್ದವು. ಮಾರ್ಚಿನಲ್ಲಿ ಬಾಯಿ ತೆರೆಯಬಹುದಿತ್ತು. ನಾನು ಹೆಣಿಗೆ ಹೆಣೆಯುತ್ತ ಕೂತೆ.

ಮೇ ಕೊನೆಯಲ್ಲಿ ಕಾರ್ಡು ಹಂಚಿದಾಗ ಗಾಯೆತಾನ್ ಓಡಿ ಬಂದ.

"ನಾಲ್ಕನೇ ಠಸ್ಸೆ ಪ್ವೀಮೊರೆಲ್ ಅಂತ ಇದೆಯಲ್ಲ!"

"ಇದೆ."

"ಗುಡ್ಡ ತೆಗೆದುಹಾಕಿದ್ವಲ್ಲ, ಮದಾಮ್!"

"ಗುಡ್ಡ ತೆಗೆದ್ರಿ, ಠಸ್ಸೆ ತೆಗೀಲಿಲ್ಲ. ನೀವು ಕಣಿವೇಲೇ ಹೋಗಿ, ಬೇಡ ಅಂದೋರು ಯಾರು? ಪತ್ರ ಸಿಗಲ್ಲ, ಅಷ್ಟೇ."

ನಮ್ಮ ಜನ ಅಧ್ಯಕ್ಷನ ಮಾತು ಮೀರಿಯಾರು, ಪಾದ್ರಿಯ ಮಾತು ಮೀರಿಯಾರು. ಸಹಿ ಬಿದ್ದ ಕಾಗದವನ್ನು ಮೀರುವ ಧೈರ್ಯ ಯಾರಿಗೂ ಇಲ್ಲ. ಗಾಯೆತಾನ್ ಕಾರಿನಲ್ಲಿ ಪ್ವೀಮೊರೆಲ್ಲಿಗೆ ಹೋಗಿ, ಆ ದಿನ ಠಸ್ಸೆ ತೆಗೆದುಕೊಂಡು ಕಣಿವೆಗೆ ಇಳಿದು ಬನ್ನಿ ಎಂದು ಕ್ಲೋಟಿಲ್ಡಳನ್ನು ಕೇಳಿಕೊಂಡನಂತೆ. "ಆಡು ಇಳಿಯಲ್ಲ, ನಾನೂ ಇಳಿಯಲ್ಲ" ಎಂದು ಬಾಗಿಲು ಹಾಕಿಕೊಂಡಳಂತೆ. ಇದನ್ನು ಕೇಳಿ ನಾನು ಇಡೀ ದಿನ ನಕ್ಕೆ, ಸುಳ್ಳೇಕೆ ಹೇಳಲಿ.

ಭಾನುವಾರ ಬಂತು. ಬೆಳಿಗ್ಗೆ ಎಲ್ಲ ಸರಿಯಾಗಿತ್ತು. ಆದರೆ ಗುಡ್ಡದ ಬುಡ ಮುಟ್ಟುವ ಮೊದಲೇ ಆನ್ಸೆಲ್ಮನ ಮಂಡಿ ಊದಿಕೊಂಡಿತು. ಒಬ್ಬೊಬ್ಬರಾಗಿ ಎಲ್ಲರೂ ಅವನನ್ನು ದಾಟಿಕೊಂಡು ಹೋದರು, ಕೊನೆಗೆ ಗಾಯೆತಾನ್ ಕೂಡ. ಹಿಂದುಳಿದವರ ಜೊತೆ ಬರುವುದು ಕಾರ್ಯದರ್ಶಿಯ ಪಾಲಿನ ಕೆಲಸ, ಅವಳಿಗೆ ಕಾರ್ಡೂ ಇಲ್ಲ, ಪತ್ರವೂ ಇಲ್ಲ, ಹಾಗಾಗಿ ನಾನು ಜೊತೆಗಿದ್ದೆ. ಎರಡನೆಯ ತಿರುವಿನಲ್ಲಿ ಅವನು ಕಾಲು ನೆಲಕ್ಕೆ ಊರಿದ. ಹತ್ತೊಂಬತ್ತು ವರ್ಷದಲ್ಲಿ ಮೊದಲ ಸಲ. ಸೈಕಲ್ಲು ತಳ್ಳುತ್ತ ಕುಂಟಿಕೊಂಡು ನಡೆದ.

ಅವನ ಕಣ್ಣು ಗಡಿಯಾರದ ಮೇಲೇ ಇತ್ತು. ಹನ್ನೆರಡಾದ ಮೇಲೆ ಕ್ಲೋಟಿಲ್ಡ್ ಠಸ್ಸೆ ಮುಟ್ಟುವವಳಲ್ಲ. ಮಸಿಯ ಡಬ್ಬಿ ಮುಚ್ಚಿ ಊಟಕ್ಕೆ ಎದ್ದಳೆಂದರೆ ಎದ್ದಳು. ಅದನ್ನು ತಪ್ಪೆನ್ನುವವರೂ ನಮ್ಮ ಕಡೆ ಇಲ್ಲ, ಊಟದ ಹೊತ್ತಿಗೆ ಯಾರೂ ಯಾರ ಬಾಗಿಲಿಗೂ ಹೋಗುವುದಿಲ್ಲ. ನಾವು ಇನ್ನೆರಡು ತಿರುವು ಕೆಳಗಿದ್ದಾಗ ಕಣಿವೆಯಿಂದ ಹನ್ನೆರಡರ ಗಂಟೆ ಕೇಳಿಸಿತು.

"ಮುಗೀತು. ತಿರುಗೋಣ" ಎಂದ.

"ಇಷ್ಟು ದೂರ ನನ್ನ ಕಾಲು ಮುರಿಸಿ ತಿರುಗೋಣ ಅಂತೀಯಾ? ನಡಿ ಮುಂದೆ!"

"ಊಟದ ಹೊತ್ತಲ್ಲಿ ಹೋಗಿ ಅವಳ ಮುಂದೆ ನಿಲ್ಲಲಾ? ಏನಂದುಕೊಂಡಾಳು?"

"ಏನಾದ್ರೂ ಅಂದುಕೊಳ್ಳಲಿ. ಇನ್ನು ಏನೂ ಅಂದುಕೊಳ್ಳದೇ ಇರೋದು ಬೇಡ."

ಬೈದೆನೇ ಹೊರತು ನನಗೆ ಅಳು ಬಂದಿತ್ತು. ಹತ್ತು ನಿಮಿಷ ತಡವಾಗಿ ಅಂಗಳ ಮುಟ್ಟಿದೆವು. ಉಳಿದವರೆಲ್ಲ ಮರದ ನೆರಳಿನಲ್ಲಿ ಸೋತು ಮಲಗಿದ್ದರು. ಮೇಜು ಖಾಲಿ. ಕ್ಲೋಟಿಲ್ಡ್ ಏಪ್ರನ್ ಕಟ್ಟಿಕೊಂಡು ಹೊಸ್ತಿಲಲ್ಲಿ ನಿಂತಿದ್ದಳು.

"ಹನ್ನೆರಡು ಹೊಡೀತು, ಮೊಸ್ಯೂ ಪ್ರಾದಿಯೆ. ಠಸ್ಸೆ ಮುಚ್ಚಿಟ್ಟೆ."

"ಗೊತ್ತು, ಮದಾಮ್."

ದಾರಿಯುದ್ದಕ್ಕೂ ಉರು ಹೊಡೆದುಕೊಂಡು ಬಂದದ್ದೆಲ್ಲ ಮರೆತೇಹೋಯಿತೋ ಏನೋ, ಟೋಪಿ ಮುಟ್ಟಿ ಸೈಕಲ್ಲು ತಿರುಗಿಸಿದ.

"ಎಲ್ಲಿಗೆ?" ಎಂದಳು ಅವಳು.

"ಕೆಳಗೆ."

"ಮೊಲದ ಮಾಂಸ ಒಲೆ ಮೇಲಿದೆ. ಒಳಗೆ ಬನ್ನಿ."

ಅವನು ಅವಳ ಹೆಗಲ ಮೇಲಿಂದ ಒಳಗೆ ನೋಡಿದ. ನಾನೂ ಕತ್ತು ಚಾಚಿ ನೋಡಿದೆ. ಊಟದ ಮೇಜಿನ ಮೇಲೆ ಎರಡು ತಟ್ಟೆ, ಎರಡು ಲೋಟ.

"ಯಾರೋ ಬರೋರಿದ್ದಾರೇನೋ..." ಎಂದ, ಹಿಂದೆ ಸರಿಯುತ್ತ.

"ಹತ್ತೊಂಬತ್ತು ವರ್ಷದಿಂದ ಈ ಭಾನುವಾರ ಎರಡು ತಟ್ಟೆ ಇಡ್ತಿದ್ದೀನಿ" ಎಂದಳು ಕ್ಲೋಟಿಲ್ಡ್. ದನಿಯಲ್ಲಿ ಸಿಟ್ಟೇ ಇತ್ತು. "ನೀವು ಹನ್ನೊಂದಕ್ಕೆ ಬಂದು ಠಸ್ಸೆ ಹಾಕಿಸ್ಕೊಂಡು ಓಡಿಹೋಗ್ತೀರಿ. ಹನ್ನೊಂದು ಗಂಟೆಗೆ ಯಾರನ್ನ ಊಟಕ್ಕೆ ಕರೆಯೋಕಾಗುತ್ತೆ, ಹೇಳಿ?"

ಆನ್ಸೆಲ್ಮ್ ಸೈಕಲ್ಲನ್ನು ಗೋಡೆಗೆ ಒರಗಿಸಿ, ಟೋಪಿ ತೆಗೆದು ಒಳಗೆ ಹೋದ. ಆ ವರ್ಷ ಸವಾರಿ ಮುಗಿಸದವನು ಅವನೊಬ್ಬನೇ.