ಶೇಂಗಾ ಎಣ್ಣೆಯ ಡಚ್ಚರ ಹೆಂಗಸು

ನನ್ನ ಮೊದಲ ತೈಲಚಿತ್ರಕ್ಕೆ ಬಿದ್ದ ಖರ್ಚು ನಾಲ್ಕು ಸಾವಿರದ ಇನ್ನೂರು ರೂಪಾಯಿ: ಮೇಷ್ಟ್ರ ಫೀಸು, ಬಣ್ಣ, ಕ್ಯಾನ್ವಾಸು ಎಲ್ಲ ಸೇರಿ. ಎಣ್ಣೆಗೆ ಹೋದದ್ದು ಬರೀ ನಲವತ್ತು. ಯಾಕೆಂದರೆ ಚೌಕಾಸಿಯಲ್ಲಿ ಇಡೀ ಸಿಂಧನೂರಿಗೆ ನಾನೇ ಬುದ್ಧಿವಂತ.

ಲಿಂಗಸುಗೂರಿನಲ್ಲಿ ಹೊಸ ಮನೆ ಕಟ್ಟಿಸಿದ ಮಗಳು ಪಡಸಾಲೆಯ ಗೋಡೆಯೊಂದನ್ನು ಖಾಲಿ ಬಿಟ್ಟಿದ್ದಳು. "ಅಲ್ಲಿ ನೀ ಬಿಡಿಸಿದ್ದೇ ಬರಬೇಕಪ್ಪಾ" ಎಂದಿದ್ದಳು. ಆಯುಷ್ಯವಿಡೀ ಟೈಲ್ಸ್ ಮಾರಿದವನ ಮೇಲೆ ಅಷ್ಟು ನಂಬಿಕೆ! ಪ್ರತಿ ರವಿವಾರ ಬಸ್ಸು ಹತ್ತಿ ಮಸ್ಕಿಯ ನಿವೃತ್ತ ಡ್ರಾಯಿಂಗ್ ಮೇಷ್ಟ್ರ ಮನೆಗೆ ಹೋಗತೊಡಗಿದೆ. ನಕಲು ಮಾಡಲು ಆರಿಸಿಕೊಂಡದ್ದು ಹಳೆಯ ಡಚ್ಚರ ಒಳಮನೆಯ ಚಿತ್ರ. ಕಿಟಕಿಯ ಬೆಳಕಿನಲ್ಲಿ ಕುಳಿತ ಹೆಂಗಸಿಗಿಂತ ನನಗೆ ಹಿಡಿಸಿದ್ದು ಅವಳ ಕಾಲಡಿಯ ಕಪ್ಪು ಬಿಳಿ ನೆಲ. ಹಾಸಿದವನ ಕೆಲಸ ನೇರ್ಪಾಗಿತ್ತು.

"ಬಣ್ಣ ಕಲಸಾಕ ಅಗಸಿ ಎಣ್ಣಿನೇ ಬೇಕ್ರೀ, ಬ್ಯಾರೇದು ಒಣಗಂಗಿಲ್ಲ" ಎಂದರು ಮೇಷ್ಟ್ರು. ಅಂಗಡಿಯ ಬಾಟಲಿಯ ಬೆಲೆ ನೋಡಿ ನಕ್ಕು, ಗಾಣದವನ ಹತ್ತಿರ ಹೋಗಿ ರೇಟು ಇಳಿಸತೊಡಗಿದೆ.

"ಇಷ್ಟಕ್ಕ ಪೂರಾ ಅಗಸಿ ಬರಂಗಿಲ್ಲ ಸಾವ್ಕಾರ್ರ. ಶೇಂಗಾ ಬೆರಸ್ತೀನಿ ನೋಡ್ರಿ."

"ಬೆರಸೋ, ನಾನೇನು ಉಣ್ಣಾಂವೇನು?"

ಮೂರು ತಿಂಗಳಾದರೂ ಆ ಹೆಂಗಸು ಬೆರಳಿಗೆ ಅಂಟುತ್ತಲೇ ಇದ್ದಳು. ಅದನ್ನು ಯಾರಿಗೂ ಹೇಳದೆ ಗೃಹಪ್ರವೇಶದ ದಿನ ಒಯ್ದು ತೂಗುಹಾಕಿದೆ. ಬಾಗಿಲು, ಫ್ರಿಜ್ಜು, ಇನ್ವರ್ಟರ್ ಎಲ್ಲಕ್ಕೂ ಕುಂಕುಮ ಹಚ್ಚುತ್ತ ಬಂದ ಮಗಳ ಅತ್ತೆ ಚಿತ್ರದ ಮುಂದೆ ನಿಂತರು.

"ಯಾರ್ರೀ ಬೀಗರ, ಈಕಿ? ಇಂಥಾ ದಿನ ಬರೇ ಹಣೀಲೆ ಕುಂತಾಳ!"

ಕುಂಕುಮದ ಬೆರಳು ಚಿತ್ರದ ಹಣೆಗೆ ಹೊರಟಿತು. ಬೇಡ ಎಂದರೆ ಬಣ್ಣ ಇನ್ನೂ ಹಸಿ ಎಂದು ಒಪ್ಪಿಕೊಂಡಂತೆ. ಕುಂಕುಮ ಒಳಗಿಳಿಯಿತು, ಒಂದು ಹುಬ್ಬು ಬೀಗತಿಯ ಬೆರಳಿಗೆ ಬಂತು.

"ಅಯ್ಯ ಶಿವನ! ಇನ್ನಾ ಹಸೀನ ಅದಾಳಲ್ಲ!"

ಎಲ್ಲರೂ ನಕ್ಕರು, ಮಗಳೊಬ್ಬಳನ್ನು ಬಿಟ್ಟು. ಅವಳು ಚಿತ್ರ ಇಳಿಸಿ ಒಳಗಿಟ್ಟಳು. ಆ ಜಾಗಕ್ಕೆ ಬೀಗರು ತಂದ ಗಡಿಯಾರ ಏರಿತು, ಗಂಟೆಗೊಮ್ಮೆ ಕೋಗಿಲೆ ಕೂಗುವಂಥದ್ದು. ನಾನು ಹೊರಡುವಾಗ ಮಗಳು ಹತ್ತಿರ ಬಂದು ಮೆಲ್ಲಗೆ ಹೇಳಿದಳು: "ದೀಪಾವಳಿ ತನಕಾ ಇದು ಕೂಗ್ಲಿ ಬಿಡು. ಅಷ್ಟರಾಗ ಇನ್ನೊಂದು ಬಿಡಿಸ್ಕೊಂಡು ಬಾ. ಒಣಗಿದ್ದು."

ಈಗ ಎರಡನೆಯದು ನಡೆದಿದೆ. ನೀವೂ ಕಲಿಯುವವರಾದರೆ ಕೇಳಿ: ಬ್ರಷ್ಷಿಗೆ, ಚೌಕಟ್ಟಿಗೆ, ಮೇಷ್ಟ್ರ ಫೀಸಿಗೂ ಬೇಕಾದಷ್ಟು ಚೌಕಾಸಿ ಮಾಡಿ. ಎಣ್ಣೆಯನ್ನು ಮಾತ್ರ ಮೊದಲು ಗಾಜಿನ ಮೇಲೆ ತೆಳ್ಳಗೆ ಸವರಿ, ಹತ್ತು ದಿನ ಬಿಟ್ಟು ಬೆರಳಿಟ್ಟು ನೋಡಿ. ಅಂಟಿದರೆ ಒಗ್ಗರಣೆಗೆ ಬಳಸಿ.